ಬಾಲಂಗೋಚಿ

ಅವನು ಹುಟ್ಟಿದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರರ ಮೇಲೆ,
ಮ್ಯಾನ್‌ಹಟನ್ನಿನ ಗುಂಡಿ ಅಂಗಡಿಯೊಂದರ ಮೇಲಿನ ನಾಲ್ಕನೇ ಮಹಡಿಯಲ್ಲಿ,
ಹೆತ್ತವಳ ನೋವಿಲ್ಲದೆ, ಬರಿಯ ಲೆಕ್ಕದ ಕಾರಣಕ್ಕೆ.

"ನಮ್ಮ ಕ್ಯಾಪ್ಟನ್ ಫೌಂಡ್ರಿ ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ,
ಹುಚ್ಚನ ಹಾಗೆ," ಅಂದರು ಪಿಂಕಸ್, ಸಿಗಾರು ಕಚ್ಚಿಕೊಂಡೇ.
"ಕೇಳುವುದಕ್ಕೊಬ್ಬ ಬೇಕು. ಸಣ್ಣವನು.
ಹತ್ತು ಸೆಂಟು ಕೊಡುವವರೂ ಸಣ್ಣವರೇ ತಾನೇ?
ಪಟ ಗಿರಕಿ ಹೊಡೆಯುತ್ತಿದೆ, ಬಾಲಂಗೋಚಿ ಕಟ್ಟಿ."

ಕೆಳಗೆ ಬೀದಿಯಲ್ಲಿ ಪೇಪರ್ ಹುಡುಗರು
ಪರ್ಲ್ ಹಾರ್ಬರ್ ಎಂದು ಕೂಗಿ ಕೂಗಿ
ಗಂಟಲು ಕಟ್ಟಿಸಿಕೊಂಡಿದ್ದ ವಾರ ಅದು.

ಲೆಫ್ಕೊವಿಟ್ಸ್ ಪೆನ್ಸಿಲ್ ಚೂಪು ಮಾಡಿದ.
ಅವನು ಗೆರೆ ಎಳೆದರೆ ಶಾಯಿ ತೀಡುವವಳು ನಾನು,
ಬೋರ್ಗಿಲ್ಡ್, ಬ್ರೂಕ್ಲಿನ್ನಿನ ನಾರ್ವೆಯವರ ಕೇರಿಯವಳು.
"ಒಂದು ಮುಖ ಬೇಕಲ್ಲ," ಅಂದ. ನನ್ನ ಪರ್ಸಿನಲ್ಲಿತ್ತು:
ತಮ್ಮ ಐವಿಂದ್, ಹದಿನಾಲ್ಕು,
ಮುಂದಿನ ಹಲ್ಲುಗಳ ನಡುವೆ ಕಾಸು ತೂರುವಷ್ಟು ಸಂದು,
ಎಷ್ಟು ಎಣ್ಣೆ ಹಚ್ಚಿದರೂ ಮಲಗದ ನೆತ್ತಿಯ ಕೂದಲು.

ಲೆಫ್ಕೊವಿಟ್ಸ್ ಸಂದು ಉಳಿಸಿದ, ಕೂದಲು ಉಳಿಸಿದ,
ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ,
ಯಾವ ಮಗುವಾದರೂ ಒಳಗೆ ನುಸುಳಿಕೊಳ್ಳಲಿ ಅಂತ.
ಹಸಿರು ಚಡ್ಡಿ. ಹೆಸರು, ರಿವೆಟ್.
"ಡಿಸೆಂಬರಿನಲ್ಲಿ ಚಡ್ಡಿಯೇ? ಚಳಿಯಾಗುವುದಿಲ್ಲವೇ?"
"ಕಾಗದಕ್ಕೆಂಥ ಚಳಿ!" ಅಂದರು ಪಿಂಕಸ್.
ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಅವನಿಗೊಂದು ಹಿಂದಿನ ಕತೆ ಬೇಕಿತ್ತು.
ಅಪ್ಪ ಅಮ್ಮ ಇಬ್ಬರನ್ನೂ ಎರಡೇ ಚೌಕದಲ್ಲಿ ಕೊಂದೆವು:
ಮೊದಲನೆಯದರಲ್ಲಿ ಹಡಗುಕಟ್ಟೆ, ಎರಡನೆಯದರಲ್ಲಿ ಹೊಗೆ.
ಅಳುವುದಕ್ಕೆ ಅರ್ಧ ಚೌಕ ಕೊಟ್ಟೆವು,
ಉಳಿದರ್ಧದಲ್ಲಿ ಯುದ್ಧದ ಉಳಿತಾಯ ಚೀಟಿಯ ಜಾಹೀರಾತು.
ಮೂರನೇ ಪುಟಕ್ಕೆ ಹುಡುಗ
ಯಾರದೋ ದವಡೆಗೆ ಗುದ್ದುತ್ತಿದ್ದ.

ಐವಿಂದ್ ಆ ಸಂಚಿಕೆಯನ್ನು ಕೇರಿಗೆಲ್ಲ ತೋರಿಸಿದ.
"ನಾನೇ ಇದು, ನೋಡಿ ಹಲ್ಲು!"
ನೋಡಲೊಲ್ಲದವರಿಗೂ ಬಾಯಿ ತೆರೆದು ತೋರಿಸಿದ.

ಆಮೇಲೆ ಆದದ್ದಿಷ್ಟೇ. ಒಬ್ಬ ಬೆಳೆದ, ಒಬ್ಬ ಬೆಳೆಯಲಿಲ್ಲ.
ಹದಿನೈದಕ್ಕೆ ಐವಿಂದನ ಮಣಿಕಟ್ಟು
ಇದ್ದಬದ್ದ ಅಂಗಿಗಳ ತೋಳಿಂದೆಲ್ಲ ಹೊರಬಿತ್ತು;
ಹದಿನೆಂಟೆಂದು ಸುಳ್ಳು ಹೇಳಿ ಸರಕು ಹಡಗು ಹತ್ತಿದ,
ಮರ್ಮಾನ್ಸ್ಕ್ ಕಡೆಗೆ.
ಅಮ್ಮ ಹೆಣೆದುಕೊಟ್ಟ ಎರಡು ಜೊತೆ ಉಣ್ಣೆ ಕಾಲುಚೀಲದಲ್ಲಿ
ಒಂದು ಜೊತೆ ಮೇಜಿನ ಮೇಲೇ ಉಳಿಯಿತು. ಗಂಟಿನಲ್ಲಿ ಜಾಗವಿರಲಿಲ್ಲವಂತೆ.
ಆ ಜಾಗ
ನಾನು ಕೊಟ್ಟ ಹನ್ನೊಂದು ಸಂಚಿಕೆಗಳಿಗೆ ಹೋಗಿತ್ತು.

ತಂತಿ ಬಂದ ದಿನ ನನ್ನ ಮುಂದಿದ್ದದ್ದು ಹದಿನಾಲ್ಕನೇ ಸಂಚಿಕೆ, ಆರನೇ ಪುಟ:
ರಿವೆಟ್‌ನನ್ನು ಟಾರ್ಪೆಡೊಗೆ ಬಿಗಿದಿದ್ದಾರೆ.
ಏಳನೇ ಪುಟದಲ್ಲಿ ಬಿಡಿಸಿಕೊಳ್ಳುತ್ತಾನೆ.
ಗುರುವಾರಕ್ಕೆ ಶಾಯಿ ಮುಗಿಯಬೇಕು. ಮುಗಿಸಿದೆ.
ಹಗ್ಗದ ಒಂದೊಂದು ಎಳೆಯನ್ನೂ ತೀಡಿದೆ.
ನೀರನ್ನು ತೀಡಿದೆ, ಬಹಳ ಹೊತ್ತು.
ಎಲ್ಲರೂ ಮನೆಗೆ ಹೋದ ಮೇಲೆ, ಯಾರನ್ನೂ ಕೇಳದೆ,
ಅವನ ಬರಿಗಾಲಿಗೆ ಪ್ಯಾಂಟು ಬರೆದೆ. ದಪ್ಪ ಉಣ್ಣೆಯದು.
ಎಂಟು ಚೌಕ, ಹದಿನಾರು ಕಾಲು.

ಬೆಳಿಗ್ಗೆ ಪಿಂಕಸ್ ನೋಡಿದರು. ಬಯ್ಯಲಿಲ್ಲ.
ಬಿಳಿ ಬಣ್ಣದ ಕುಪ್ಪಿ ತೆರೆದು, ತಾವೇ ಕೂತು,
ಒಂದೊಂದೇ ಕಾಲನ್ನು ಮತ್ತೆ ಬರಿದು ಮಾಡಿದರು.
ಕೈ ನಡುಗುತ್ತಿತ್ತು, ಗೆರೆ ದಾಟಲಿಲ್ಲ.

ಮುಂದಿನ ಚಳಿಗಾಲ ಕಡೆಯ ಪುಟದಲ್ಲಿ ರಿವೆಟ್ ಬೆರಳು ಚಾಚಿ ಹೇಳಿದ:
"ಗೆಳೆಯರೇ, ಸೈನ್ಯಕ್ಕೆ ಕಾಗದ ಬೇಕು, ರದ್ದಿ ತನ್ನಿ."
ಅಕ್ಷರ ಬರೆದವಳೂ ನಾನೇ.
ತಂದರು. ಹಿಮದ ಮೇಲೆ ಜಾರುಬಂಡಿ ಎಳೆದುಕೊಂಡು
ಮೂಟೆ ಮೂಟೆ ಅವನನ್ನೇ ತಂದು ಕೊಟ್ಟರು.
ಅರೆದು ಮದ್ದುಗುಂಡಿನ ಡಬ್ಬ ಮಾಡಿದರಂತೆ.

ಯುದ್ಧ ಮುಗಿಯಿತು. ಕ್ಯಾಪ್ಟನ್ನನನ್ನೂ ಯಾರೂ ಕೊಳ್ಳಲಿಲ್ಲ.
ಬಾಲಂಗೋಚಿ ಹರಿದ ಪಟ
ಎಲ್ಲೋ ಯಾವುದೋ ತಂತಿಗೆ ಸಿಕ್ಕಿಕೊಂಡಿತು.

ಆ ಪುಟ ನನ್ನ ಹತ್ತಿರವಿದೆ, ಬಟ್ಟೆ ಪೆಟ್ಟಿಗೆಯ ತಳದಲ್ಲಿ.
ಬಿಳಿ ಬಣ್ಣ ಹಳದಿಗೆ ತಿರುಗಿ ಚಕ್ಕೆ ಏಳುತ್ತಿದೆ.
ಮೂರನೇ ಚೌಕದಲ್ಲಿ, ಎಡಗಾಲಿಗೆ,
ಮೊಣಕಾಲಿನ ತನಕ ಉಣ್ಣೆ ಬಂದಿದೆ ಈಗ.
ಉಗುರಿನಿಂದ ಕೆರೆದರೆ ಉಳಿದದ್ದೂ ಬಂದೀತು.
ಕೆರೆಯುವುದಿಲ್ಲ.
ತಾನಾಗಿಯೇ ಬರಲಿ.